ದಡ ಸವರುವ ಬಿಳಿ ಮಂದೆ

“ನನ್ನ ಕಣ್ಣು ತಪ್ಪಿಸಿ ಒಂದು ರೋಗಾನೂ ಶಿಕಾರಿಪುರ ತಾಲ್ಲೂಕು ದಾಟಿದ್ದಿಲ್ಲ” ಎಂದು ನಿಂಗಮ್ಮ ಹೇಳುತ್ತಿದ್ದಳು. ಹೇಳುವಾಗ ಕೈ ಸೊಂಟದ ಮೇಲಿರುತ್ತಿತ್ತು, ಕಣ್ಣು ಕುರಿಗಳ ಹಿಂಗಾಲಿನ ಮೇಲಿರುತ್ತಿತ್ತು. ಇದನ್ನು ಬರೀ ಬಡಾಯಿ ಎನ್ನುವಂತಿರಲಿಲ್ಲ. ಕುರಿಗೆ ಜ್ವರ ಬಂದದ್ದು ಕುರಿಗಿಂತ ಮೊದಲು ನಿಂಗಮ್ಮನಿಗೆ ತಿಳಿಯುತ್ತಿತ್ತು. ಅವಳು ಹೇಳಿದ ಮೇಲೆ ಕುರಿ ಅವಳ ಮರ್ಯಾದೆ ಉಳಿಸಲಿಕ್ಕೆಂದು ಒಂದು ಸಲ ಕೆಮ್ಮುತ್ತಿತ್ತು. ಒಮ್ಮೆ ಶಿರಾಳಕೊಪ್ಪದ ಸಂತೆಯಲ್ಲಿ ಮುಂದೆ ಹೋಗುತ್ತಿದ್ದ ಪಟೇಲರೊಬ್ಬರನ್ನು ಬೆನ್ನ ಕಡೆಯಿಂದಲೇ ನೋಡಿ, ಇವರ ಎಡಗಡೆಯ ದವಡೆ ಹಲ್ಲು ಹುಳುಕಾಗಿದೆ ಎಂದಳಂತೆ. ಪಟೇಲರು ಅಲ್ಲೇ ನಿಂತು, ಬಾಯೊಳಗೆ ಬೆರಳಿಟ್ಟು ನೋಡಿ, ಹೌದು ಎಂದರಂತೆ. ಪಟೇಲರ ಬಾಯಲ್ಲಿ ಆಗ ಒಂದು ಹಲ್ಲೂ ಇರಲಿಲ್ಲ ಎನ್ನುವವರಿದ್ದಾರೆ. ಅದು ಅವರ ಹೊಟ್ಟೆಕಿಚ್ಚು.

ಮಂದೆಯ ಹಿಂದೆ ನಡೆಯುವುದು ನಿಂಗಮ್ಮನ ಕೆಲಸ. ಮುಂದೆ ನಡೆಯುವವನು ಅವಳ ಮೈದುನ ಸಣ್ಣಬೀರಪ್ಪ. ಮುಂದಿನವನು ದಾರಿ ನೋಡುತ್ತಾನೆ, ಗದ್ದೆಯವರ ಜೊತೆ ಮಾತಾಡುತ್ತಾನೆ, ಮೀಸೆ ತಿರುವುತ್ತಾನೆ. ಹಿಂದಿನವಳು ಮಂದೆ ನೋಡುತ್ತಾಳೆ. ಗಂಡ ಉಜ್ಜಪ್ಪ ಶಿಕಾರಿಪುರದ ಕಡೆಯ ಊರಿನಲ್ಲಿ ಜೋಳದ ಹೊಲ ನೋಡಿಕೊಂಡಿದ್ದ. ದಾರಿಯ ವಿಷಯದಲ್ಲಿ ಅವನನ್ನು ನಂಬುವಂತಿರಲಿಲ್ಲ. ಊಟಕ್ಕೆಂದು ಹಿತ್ತಲಿನಿಂದ ಮನೆಯೊಳಕ್ಕೆ ಹೊರಟವನು ಹೊಸನಗರದಲ್ಲಿ ಸಿಕ್ಕಿದ್ದುಂಟು.

ಭತ್ತದ ಕೊಯ್ಲು ಮುಗಿದ ಮೇಲೆ ಪ್ರತಿ ವರ್ಷ ಅವರ ಮಂದೆ ಶಿಕಾರಿಪುರದ ಬಯಲು ಬಿಟ್ಟು ಸೊರಬದ ಕಡೆಗೆ ನಡೆಯುತ್ತಿತ್ತು. ಅಲ್ಲಿ ಕೊಯ್ದ ಗದ್ದೆಯಲ್ಲಿ ಕುರಿ ತರುಬುತ್ತಿದ್ದರು, ಅಂದರೆ ಸಂಜೆಯಾಗುತ್ತಲೇ ಮಂದೆಯನ್ನು ಗದ್ದೆಯೊಳಗೇ ಒತ್ತಾಗಿ ಕೂರಿಸುತ್ತಿದ್ದರು. ಬೆಳಗಾದರೆ ಗದ್ದೆಗೆ ಗೊಬ್ಬರ, ಕುರಿಯವರಿಗೆ ಭತ್ತ. ಒಂದು ಗದ್ದೆಯಲ್ಲಿ ಕೊಯ್ದು ಉಳಿದ ಕೂಳೆ ಮೇದು ಮುಗಿದರೆ ಇನ್ನೊಂದು ಗದ್ದೆ. ಹೀಗೆ ಮೇಯುತ್ತ, ಮಲಗುತ್ತ, ತಾವು ಯಾವ ಊರಿನಲ್ಲಿದ್ದೇವೆ ಎಂಬ ಚಿಂತೆಯಿಲ್ಲದೆ ಕುರಿಗಳು ಬೇಸಿಗೆ ಕಳೆಯುತ್ತಿದ್ದವು.

ನಿಂಗಮ್ಮನ ವಿದ್ಯೆಯ ಗುಟ್ಟು ಇಷ್ಟೇ. ಚೆನ್ನಾಗಿರುವ ಕುರಿ ಮಂದೆಯ ನಡುವೆ ನಡೆಯುತ್ತದೆ. ನಡು ಬಿಟ್ಟು, ಬೇಲಿಗೆ ಮೈ ಸವರುತ್ತ, ಒಂದು ಗಳಿಗೆ ನಿಂತು, ಮತ್ತೆ ಸವರುತ್ತ ಬಂತೆಂದರೆ ಅದಕ್ಕೆ ಏನೋ ಆಗಿದೆ. ಅಂಥದ್ದನ್ನು ಮಲಗಗೊಡಬಾರದು. ಹೊಟ್ಟೆಯುಬ್ಬರಿಸಿದ ಕುರಿ ಮಲಗಿದರೆ ಮತ್ತೆ ಏಳುವುದಿಲ್ಲ. ಕಿವಿ ಹಿಡಿದು ನಡೆಸಬೇಕು, ಮೆಲುಕು ಹಾಕುವ ತನಕ ನಡೆಸಬೇಕು. ನಿಂಗಮ್ಮ ಹೀಗೆ ನಡೆಸಿ ಉಳಿಸಿದ ಕುರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರೆ, ಮೊದಲನೆಯದು ಸೊರಬದ ಬಸ್‌ಸ್ಟ್ಯಾಂಡಿನಲ್ಲಿರುತ್ತಿತ್ತು, ಕೊನೆಯದು ಹೊನ್ನಾವರದ ಸಮುದ್ರದಲ್ಲಿ ನಿಂತು ಉಪ್ಪು ನೆಕ್ಕುತ್ತಿರುತ್ತಿತ್ತು.

ಐವತ್ತೆಂಟನೇ ಇಸವಿಯ ಬೇಸಿಗೆ. ಹಿಂದಿನ ವರ್ಷ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಕಾಡಿಗೆ ಹೋದವರಿಗೆಲ್ಲ ಜ್ವರ ಹತ್ತಿತ್ತು. ಉಣ್ಣೆ ಹುಳು ಕಚ್ಚಿ ಬರುವ ಜ್ವರ ಎಂದು ದೊಡ್ಡ ಡಾಕ್ಟರುಗಳು ಕಂಡುಹಿಡಿದಿದ್ದರು. ಅದಕ್ಕೇ ಸಣ್ಣಬೀರಪ್ಪ ಈ ಸಲ ಕಾಡಿನ ಕಡೆ ಮುಖ ಹಾಕದೆ ಮಂದೆಯನ್ನು ಸೊರಬ ತಾಲ್ಲೂಕಿನ ಉಳವಿಗೆ ತಂದು ಪುಟ್ಟಪ್ಪನೆಂಬ ರೈತನ ಗದ್ದೆಯಲ್ಲಿ ತರುಬಿದ. ಕಾಡಿನ ಉಣ್ಣೆ ತಪ್ಪಿತು. ಗದ್ದೆಯಂಚಿನ ಬಿದಿರು ಮುಳ್ಳು ತಪ್ಪಲಿಲ್ಲ. ಅದು ನಿಂಗಮ್ಮನ ಬಲಗಾಲಿನ ಅಂಗಾಲಿಗೆ ಹೊಕ್ಕು, ಅರ್ಧ ಹೊರಗೆ ಬಂದು, ಅರ್ಧ ಒಳಗೇ ಸಂಸಾರ ಹೂಡಿತು.

ಹಿಂದೆ ನಡೆಯುವವರಿಗೆ ಒಂದು ಸವಲತ್ತು ಇದೆ, ಅವರು ಕುಂಟುವುದು ಯಾರಿಗೂ ಕಾಣುವುದಿಲ್ಲ. ನಿಂಗಮ್ಮ ಬಹಳ ದಿನ ಅದನ್ನು ಬಳಸಿಕೊಂಡಳು. ಆದರೆ ಒಂದು ಸಂಜೆ ಕುರಿಗಳೆಲ್ಲ ಗದ್ದೆ ಸೇರಿದವು, ಅವಳು ಸೇರಲಿಲ್ಲ. ಸಣ್ಣಬೀರಪ್ಪ ಹಿಂದಿರುಗಿ ಹೋಗಿ ನೋಡಿದರೆ ಅತ್ತಿಗೆ ಕೆರೆಯ ಏರಿಯ ಮೇಲೆ ಕೂತಿದ್ದಾಳೆ. ಕಾಲು ಕೆಂಪಗೆ ಊದಿ, ಬೆರಳುಗಳು ಒಂದಕ್ಕೊಂದು ಗುರುತು ಸಿಗದಷ್ಟು ದೂರವಾಗಿವೆ.

ಸಣ್ಣಬೀರಪ್ಪ ಕೆಟ್ಟವನಲ್ಲ. ಆದರೆ ಮುಂದೆ ನಡೆಯುವವನಿಗೆ ಹಿಂದಿನ ಚಿಂತೆ ಇರಬಾರದು ಎಂಬ ಮತದವನು. “ಅತ್ಗೀ, ಈ ಗದ್ದಿ ಕೂಳೆ ಮುಗಿಯಾತನಕ ನೋಡ್ತೀನಿ. ಅಷ್ಟ್ರಾಗೆ ಕಾಲು ನೆಟ್ಟಗಾದ್ರೆ ಸರಿ. ಇಲ್ಲಾಂದ್ರೆ ಸೊರಬದಾಗೆ ಬಸ್ ಹತ್ತಿಸಿ ಊರಿಗೆ ಕಳಿಸ್ತೀನಿ” ಎಂದ.

ಬಸ್ಸು ಎಂದರೆ ಏನೆಂದು ನಿಂಗಮ್ಮನಿಗೆ ಗೊತ್ತಿತ್ತು. ಅವರ ಊರಿನ ವೀರಮ್ಮ, ಒಂದು ಕಾಲಕ್ಕೆ ಮಂದೆಯ ಹಿಂದೆ ತುಂಗಭದ್ರೆಯನ್ನು ನಾಲ್ಕು ಹೆಜ್ಜೆಯಲ್ಲಿ ದಾಟುತ್ತಿದ್ದವಳು, ಮೊಣಕಾಲು ನೋವೆಂದು ಒಂದು ವರ್ಷ ಬಸ್ಸಿನಲ್ಲಿ ವಾಪಸಾದಳು. ಮುಂದಿನ ವರ್ಷ ಅವಳನ್ನು ಯಾರೂ ಕರೆಯಲಿಲ್ಲ. ಕೂರಲು ಒಂದು ಮಂಚ, ಕಾಯಲು ಒಂದಿಷ್ಟು ಕೋಳಿ ಕೊಟ್ಟರು. ಈಗ ವೀರಮ್ಮ ಮಂಚದ ಮೇಲೆ ಕೂತು, ಕೋಳಿಗಳು ಬೇಲಿ ಪಕ್ಕ ಹೋದಾಗಲೆಲ್ಲ ಅವುಗಳ ಹಿಂಗಾಲು ನೋಡುತ್ತಾಳೆ. ಕುರಿಯವಳು ಒಮ್ಮೆ ಬಸ್ಸು ಹತ್ತಿದಳೆಂದರೆ ಮುಗಿಯಿತು, ಇಳಿದರೂ ಇಳಿದಂತಲ್ಲ.

ಆ ವಾರವೇ ಉಳವಿಗೆ ಜೀಪು ಬಂತು. ಜೀಪಿನಲ್ಲಿ ಡಾಕ್ಟರ್ ಮಲ್ಲೇಶಪ್ಪ. ಜ್ವರದ ಊರುಗಳನ್ನು ಸುತ್ತಿ ಜನರ ರಕ್ತ ತೆಗೆದು ಪರೀಕ್ಷೆ ಮಾಡುವ ತಂಡದವರು. ದಾವಣಗೆರೆ ಕಡೆಯವರು, ವಯಸ್ಸು ಚಿಕ್ಕದು. ಎಷ್ಟು ತೆಳ್ಳಗಿದ್ದರೆಂದರೆ ಎದುರಿಗೆ ನಿಂತು ಮಾತಾಡುತ್ತಿದ್ದವರು ಪಕ್ಕಕ್ಕೆ ತಿರುಗಿದರೆ, ಡಾಕ್ಟರು ಎದ್ದು ಹೋದರೇನೋ ಎಂದು ಜನ ಹುಡುಕುತ್ತಿದ್ದರು. ಪುಟ್ಟಪ್ಪನ ಮನೆಯ ಜಗಲಿಯಲ್ಲಿ ಅವರ ಠಿಕಾಣಿ. ಜಗಲಿಯ ಬಿಸಿಲು ಬೀಳುವ ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಹಿತ್ತಾಳೆಯ ಸೂಕ್ಷ್ಮದರ್ಶಕ.

ಅವರು ನಿಂಗಮ್ಮನ ಕಾಲು ನೋಡಿ, ಒಳಗೆ ಮುಳ್ಳಿನ ತುಂಡಿದೆ, ಬಿಸಿನೀರಿನ ಕಾವು ಕೊಡಿ, ನಾನು ಸೂಜಿ ಹಾಕುತ್ತೇನೆ, ಹಣ್ಣಾದ ಮೇಲೆ ಕೊಯ್ದು ತೆಗೆಯೋಣ, ಅಲ್ಲಿಯವರೆಗೆ ಕಾಲು ಮೇಲಿಟ್ಟು ಮಲಗಿರಬೇಕು ಎಂದರು. ಬಿಸಿನೀರಿಗೆ ಅವಳು ಒಪ್ಪಿದಳು. ಸೂಜಿಗೂ, ಗೋಡೆಯ ಕಡೆ ತಿರುಗಿ, ಒಪ್ಪಿದಳು. ಮಲಗುವುದಕ್ಕೆ ಒಪ್ಪಲಿಲ್ಲ. ಮಲಗಿದ್ದು ಎದ್ದದ್ದನ್ನು ತಾನು ಕಂಡಿಲ್ಲ ಎಂದಳು. ಇಷ್ಟು ಊದಲು ಒಳಗೆ ಅಂಥದ್ದೇನು ಸೇರಿದೆ, ಅದನ್ನಾದರೂ ತೋರಿಸಿ ಎಂದಳು.

ಡಾಕ್ಟರಿಗೆ ಒಂದು ದೌರ್ಬಲ್ಯವಿತ್ತು. ಯಾರಾದರೂ ತೋರಿಸಿ ಎಂದರೆ ಸಾಕು, ಅವರಿಗೆ ಊಟ ಬೇಡ, ನಿದ್ದೆ ಬೇಡ. ನಿನ್ನ ಕಾಲಿನೊಳಗೆ ನೋಡಲು ಆಗುವುದಿಲ್ಲ, ಆದರೆ ಅಂಥದ್ದೇ ಒಂದು ಕಡೆ ತೋರಿಸುತ್ತೇನೆ ಎಂದು ಪುಟ್ಟಪ್ಪನ ಬಾವಿಯ ಕಾಲುವೆಯಿಂದ ಒಂದು ಕಪ್ಪೆ ತರಿಸಿದರು. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತೂತಿರುವ ಹಲಗೆಯ ಮೇಲೆ ಮಲಗಿಸಿ, ಹಿಂಗಾಲಿನ ಬೆರಳುಗಳ ನಡುವಿನ ತೆಳುಚರ್ಮವನ್ನು ತೂತಿನ ಮೇಲೆ ಬಿಡಿಸಿಟ್ಟರು. ಕನ್ನಡಿ ತಿರುಗಿಸಿ ಬಿಸಿಲನ್ನು ಕೆಳಗಿನಿಂದ ಹಾಯಿಸಿದರು. ಕಪ್ಪೆ, ಸರ್ಕಾರಿ ಕೆಲಸವೆಂದು ಗೊತ್ತಾದ ಹಾಗೆ, ಸುಮ್ಮನಿತ್ತು.

ನಿಂಗಮ್ಮ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಇಟ್ಟಳು.

ಮೊದಲು ಬರೀ ಬೆಳಕು. ಆಮೇಲೆ ಬೆಳಕಿನೊಳಗೊಂದು ಹೊಳೆ. ಹೊಳೆಗೆ ಕವಲು, ಕವಲಿಗೆ ಕಾಲುವೆ, ಎಲ್ಲದರಲ್ಲೂ ಸದ್ದಿಲ್ಲದ ಪ್ರವಾಹ. ನೀರಲ್ಲ ಅದು, ಜೀವಗಳು. ಹುಣಸೆ ಬೀಜದಂಥ ಚಪ್ಪಟೆ ಕೆಂಪು ಕಣಗಳು ಒಂದರ ಬೆನ್ನಿಗೊಂದು ನಡುಹೊಳೆಯಲ್ಲಿ ನುಗ್ಗಿ ಹೋಗುತ್ತಿದ್ದವು. ಎಲ್ಲಿಂದ ಬಂದವೋ, ಎಲ್ಲಿ ಮೇಯುವವೋ, ಯಾವುದಕ್ಕೂ ಹೊರಳಿ ನೋಡುವ ಪುರುಸೊತ್ತಿಲ್ಲ. ನೋಡುತ್ತ ನೋಡುತ್ತ ಜಗಲಿ ಕರಗಿತು, ಪುಟ್ಟಪ್ಪನ ಮನೆಯ ಕರು ಅಂಬಾ ಎಂದದ್ದು ಬೇರೆ ಯಾವುದೋ ತಾಲ್ಲೂಕಿನಿಂದ ಕೇಳಿಸಿತು. ತಾನು ಆ ಹೊಳೆಯ ದಂಡೆಯ ಮೇಲೆ ಕಂಬಳಿ ಹೊದ್ದು ನಿಂತಿರುವ ಹಾಗೆ ಅವಳಿಗೆ ಅನಿಸಿತು.

ಆಗ ಅವು ಕಂಡವು. ದಡಕ್ಕೆ ಅಂಟಿಕೊಂಡು, ಒಂದಿಷ್ಟು ದುಂಡನೆಯ ಬಿಳಿಯವು. ಕೆಂಪಿನವು ಓಡುತ್ತಿದ್ದರೆ ಇವು ಉರುಳುತ್ತಿದ್ದವು. ದಡ ಮುಟ್ಟಿ, ಒಂದಿಷ್ಟು ಹೊರಳಿ, ಕೈ ಬಿಟ್ಟ ಹಾಗೆ ಮಾಡಿ, ಮತ್ತೆ ಮುಟ್ಟಿ, ಮತ್ತೆ ಹೊರಳಿ. ಇಬ್ಬನಿಯಲ್ಲಿ ನೆನೆದ ಹತ್ತಿಯ ಉಂಡೆಗಳು ಇಳಿಜಾರಿನಲ್ಲಿ ನಿದ್ದೆಗಣ್ಣಲ್ಲಿ ಹೋಗುತ್ತಿರುವ ಹಾಗೆ. ಡಾಕ್ಟರು ಅರೆದ ಸಾಸಿವೆಯನ್ನು ಒಂದು ಚೂರು ಕಪ್ಪೆಯ ಚರ್ಮಕ್ಕೆ ತಾಗಿಸಿದರು. ಸ್ವಲ್ಪ ಹೊತ್ತಿಗೆ ಅಲ್ಲಿ ಬಿಳಿಯವು ಹೆಚ್ಚಾದವು. ಉರುಳುತ್ತಿದ್ದವು ನಿಧಾನವಾದವು, ನಿಧಾನವಾದವು ನಿಂತವು, ನಿಂತವು ದಡಕ್ಕೆ ಒರಗಿ ಚಪ್ಪಟೆಯಾದವು. ಒಂದಂತೂ ದಡದೊಳಗೇ ಇಳಿದು, ಇಷ್ಟಿಷ್ಟೇ ತೆಳ್ಳಗಾಗಿ, ಆ ಕಡೆಗೆ ಹೋಗಿಬಿಟ್ಟಿತು.

“ಅವು ಬಿಳಿ ರಕ್ತಕಣಗಳು. ನಾಳದ ಗೋಡೆಗೆ ಅಂಟಿ ಉರುಳುತ್ತವೆ. ನಿನ್ನ ಕಾಲಿನಲ್ಲಿ ಸೇರಿರುವುದೂ ಅವೇ, ನಿಂಗಮ್ಮ. ಅವು ನಮ್ಮ ದೇಹದ ಸೈ...” ಎನ್ನುವಷ್ಟರಲ್ಲಿ, ಕಾಡಂಚಿನಲ್ಲಿ ಮತ್ತೊಂದು ಮಂಗ ಸತ್ತು ಬಿದ್ದಿದೆ ಎಂದು ಸುದ್ದಿ ಬಂತು. ಡಾಕ್ಟರು ಮಾತು ಅರ್ಧದಲ್ಲಿ ಬಿಟ್ಟು, ಕಪ್ಪೆಯನ್ನು ಕಾಲುವೆಗೆ ಬಿಡಿ ಎಂದು ಕೂಗಿ ಹೇಳಿ, ಜೀಪು ಹತ್ತಿದರು.

ಪೂರ್ತಿ ಕೇಳಿದ್ದರೂ ನಿಂಗಮ್ಮನಿಗೆ ಅದು ಬೇಕಿರಲಿಲ್ಲ. ಅವಳು ತೀರ್ಪು ಕೊಟ್ಟಾಗಿತ್ತು. ನಡು ಬಿಟ್ಟು, ಬೇಲಿ ಸವರುತ್ತ, ನಿಲ್ಲುತ್ತ ನಡೆಯುವವು. ಅದರ ಮೇಲೆ ಬಣ್ಣ ಬೇರೆ ಬಿಳಿಚಿಕೊಂಡಿದೆ. ಅವಳ ಮಂದೆಯ ಕುರಿಗಳೆಲ್ಲ ಕಪ್ಪು, ಹೆಚ್ಚೆಂದರೆ ಕಂದು. ಇಂಥ ರೋಗದ ಕುರಿಗಳು ತನ್ನ ಮೈಯ ಹೊಳೆಯಲ್ಲಿ ಹಿಂದೆ ಬಿದ್ದು, ಬಂದು ಬಂದು ಕಾಲಿನಲ್ಲಿ ಮಲಗಿವೆ. ಅದಕ್ಕೇ ಊದಿದೆ. ಡಾಕ್ಟರು ಓದಿದವರು, ಆದರೆ ಮಂದೆ ಕಾಯ್ದವರಲ್ಲ. ಮಲಗಿರುವವುಗಳ ಜೊತೆ ತಾನೂ ಮಲಗು ಎನ್ನುತ್ತಾರೆ. ಮದ್ದು ಒಂದೇ. ಮಲಗಗೊಡಬಾರದು, ನಡೆಸಬೇಕು.

ಮರುದಿನ ಬೆಳಗ್ಗೆ ಕಾಲಿಗೆ ಹಳೆ ಸೀರೆಯ ತುಂಡು ಬಿಗಿದು ನಿಂಗಮ್ಮ ನಡೆಯತೊಡಗಿದಳು. ಗದ್ದೆಯ ಬದು ಹಿಡಿದು ಸುತ್ತಿದಳು, ಕೆರೆಯ ಏರಿ ಹತ್ತಿ ಇಳಿದಳು. ಪುಟ್ಟಪ್ಪ ಎದುರಾಗಿ, ಡಾಕ್ಟರು ಮಲಗು ಅಂದಿದ್ದರಲ್ಲ ಎಂದು ಕೇಳಿದರೆ, ಮಲಗಿದ್ದವನ್ನು ಎಬ್ಬಿಸುತ್ತಿದ್ದೇನೆ ಎಂದಳು. ಅವಳ ಹಿಂದೆ ಕುರಿಗಳೂ ಒಂದಿಷ್ಟು ನಡೆದು, ಇದರಲ್ಲಿ ಮೇವಿಲ್ಲ ಎಂದು ಕಂಡು ನಿಂತವು. ಉಳವಿಯ ಸುತ್ತ ಅವಳು ತುಳಿದ ದಾರಿಯಲ್ಲಿ ಇವತ್ತಿಗೂ ಹುಲ್ಲು ಕುಂಟುತ್ತ ಬೆಳೆಯುತ್ತದೆ ಎನ್ನುತ್ತಾರೆ. ನಾನು ಇದನ್ನು ಕಡಿಮೆ ಮಾಡಿಯೇ ಬರೆಯುತ್ತಿದ್ದೇನೆ.

ನಡೆಯುತ್ತ ನಡೆಯುತ್ತ ಹೊರಗಿನ ದಾರಿ ಮಸುಕಾಗಿ ಒಳಗಿನ ದಾರಿ ತಿಳಿಯಾಯಿತು. ಮಧ್ಯಾಹ್ನದ ಬಿಸಿಲು ಕೆಂಪಗೆ ಹರಿಯಿತು. ಅವಳು ಕೆಂಪು ಹೊಳೆಯ ದಂಡೆಯಲ್ಲಿದ್ದಳು, ಮುಂದೆ ಬಿಳಿ ಮಂದೆ. ಹೋ ಹೋ ಎಂದು ನಾಲಿಗೆ ಮಡಚಿ ಕೂಗಿದಳು, ನಡುವಿಗೆ ಹೋಗಿ ಎಂದಳು. ಅವು ಹೋಗಲಿಲ್ಲ. ಒಂದೊಂದೂ ಅವಳ ಕಡೆ ಹೊರಳಿ, ಸಿಟ್ಟಿಲ್ಲದೆ, ಕೆಲಸವಿರುವವರು ಮಾತಾಡಿಸಿದವರನ್ನು ನೋಡುವ ಹಾಗೆ ನೋಡಿ, ಮತ್ತೆ ದಡ ಸವರುತ್ತ ಮುಂದೆ ಉರುಳಿದವು. ದಡದಲ್ಲಿ ಒಂದು ಕಡೆ ಬೇಲಿ ಮುರಿದಿತ್ತು. ಅಲ್ಲಿ ಅವು ನಿಲ್ಲುತ್ತಿದ್ದವು, ಮೈ ಸಣ್ಣದು ಮಾಡಿಕೊಳ್ಳುತ್ತಿದ್ದವು, ಒಂದೊಂದಾಗಿ ಕತ್ತಲೆಗೆ ಇಳಿಯುತ್ತಿದ್ದವು. ಇಳಿದದ್ದು ಯಾವುದೂ ವಾಪಸು ಬರಲಿಲ್ಲ. ಆದರೂ ಹಿಂದಿನದು ಹೆದರಲಿಲ್ಲ. ಇದೆಂಥ ಕುರಿ, ಎಂದು ನಿಂಗಮ್ಮ ಕೇಳಿದಳು. ಕೇಳಿದ್ದು ಯಾರನ್ನೋ. ಉತ್ತರ ಬರುವ ಮೊದಲು ದಂಡೆ ಅವಳ ಕಾಲಡಿಯಿಂದ ಮೆತ್ತಗೆ ಜಾರಿತು.

ಸಣ್ಣಬೀರಪ್ಪ ಅವಳನ್ನು ಬದುವಿನ ಮೇಲಿನಿಂದ ಎತ್ತಿಕೊಂಡು ಪುಟ್ಟಪ್ಪನ ಜಗಲಿಗೆ ತಂದ. ಮೈ ಕೆಂಡ. ಕಾಲು ಈಗ ಕಾಲಿನ ಲೆಕ್ಕಕ್ಕೇ ಸೇರದೆ ಕುಂಬಳಕಾಯಿಯ ಲೆಕ್ಕಕ್ಕೆ ಸೇರಿತ್ತು. ಜೀಪು ಬಂದ ಸದ್ದು ಕೇಳಿದ ಕೂಡಲೇ ಅವನು ರಸ್ತೆಗೆ ಓಡಿದ. ಮುಂದೆ ನಡೆಯುವವನು ಅಷ್ಟು ವೇಗವಾಗಿ ಹಿಂದಿನವರಿಗಾಗಿ ಓಡಿದ್ದನ್ನು ಯಾರೂ ಕಂಡಿರಲಿಲ್ಲ.

ಡಾಕ್ಟರು ಕಾಲು ಕೊಯ್ದರು. ಕೀವು ಹರಿಯಿತು, ಅದರ ಜೊತೆ ಬಿದಿರು ಮುಳ್ಳಿನ ತುಂಡೂ ತೇಲಿಕೊಂಡು ಬಂತು. ಎರಡು ದಿನ ಸೂಜಿ ಬಿದ್ದ ಮೇಲೆ ಜ್ವರ ಇಳಿಯಿತು. ಆಗ ಡಾಕ್ಟರು ಅರ್ಧಕ್ಕೆ ಬಿಟ್ಟಿದ್ದ ಮಾತನ್ನು ಮುಗಿಸಿದರು. ಬಿಳಿಯವು ರೋಗದವಲ್ಲ, ಸೈನಿಕರು. ಎಲ್ಲಿ ಗಾಯವಾಯಿತೋ ಅಲ್ಲಿ ನಾಳದ ಗೋಡೆಯೇ ಅಂಟಂಟಾಗುತ್ತದೆ. ಹೇಗೆ ಎನ್ನುವುದು ತಮಗೂ ಪೂರ್ತಿ ಗೊತ್ತಿಲ್ಲ. ಓಡುವವರಿಗೆ ಅದು ತಿಳಿಯುವುದಿಲ್ಲ. ಗೋಡೆ ಸವರುತ್ತ ಉರುಳುವವರಿಗೇ ತಿಳಿಯುವುದು. ಅವರು ಅಲ್ಲಿ ನಿಲ್ಲುತ್ತಾರೆ, ಗೋಡೆ ದಾಟುತ್ತಾರೆ, ಹೊಲಸಿನ ಜೊತೆ ಹೊಡೆದಾಡುತ್ತಾರೆ, ಅಲ್ಲೇ ಸಾಯುತ್ತಾರೆ. ಈಗ ಹರಿದ ಕೀವಿನಲ್ಲಿ ಹೆಚ್ಚಿನದು ಅವರ ಹೆಣ. ನೀನು ಮಲಗಿದ್ದರೆ ಅವರು ಇದ್ದ ಜಾಗದಲ್ಲೇ ಹೊಲಸನ್ನು ಕಟ್ಟಿಹಾಕುತ್ತಿದ್ದರು. ಇಡೀ ದಿನ ಅವರನ್ನು ತುಳಿದುಕೊಂಡು ಓಡಾಡಿದೆ, ಹೊಲಸು ಮೇಲಕ್ಕೆ ಹತ್ತಿತು.

ನಿಂಗಮ್ಮ ಮದ್ದಿನ ಬಟ್ಟೆ ಸುತ್ತಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಆಮೇಲೆ, “ನಾಯಿ ಅನ್ರಿ ಹಂಗಾರೆ” ಎಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ.

“ಸೈನಿಕರನ್ನ ನಾನೆಲ್ಲಿ ಕಂಡೀನ್ರಿ. ಬೇಲಿ ಮೂಸ್ಕೋಂತ, ನಿಂತ್ಕೋಂತ ಬರೋದು ಮಂದೆ ನಾಯಿ. ಸಂದಿ ಕಂಡ್ರೆ ತೋಳದ ಮ್ಯಾಲೆ ಹೋಗೋದೂ ಅದೇ. ನಾನು ನನ್ನ ನಾಯೀನೇ ತುಳಿದೆ.”

ಆ ದಿನದಿಂದ ಮಲಗಿದಳು. ಕಾಲನ್ನು ಭತ್ತದ ಮೂಟೆಯ ಮೇಲಿಟ್ಟು, ಅಲುಗದೆ ಮಲಗಿದಳು. ಅಲುಗಿದರೆ ಒಳಗಿನವಕ್ಕೆ ಎಚ್ಚರವಾದೀತು ಎನ್ನುವ ಹಾಗೆ. ಪುಟ್ಟಪ್ಪನ ಹೆಂಡತಿ ಶೇಷಮ್ಮ ಗಂಜಿ ತಂದರೆ, ಮೆಲ್ಲಗೆ ಇಡವ್ವ, ಅವು ಕೆಲಸದಲ್ಲಿವೆ ಎನ್ನುತ್ತಿದ್ದಳಂತೆ. ಮಧ್ಯಾಹ್ನದ ಹೊತ್ತು ಕಣ್ಣು ಮುಚ್ಚಿದರೆ ಹೊಳೆ ಹರಿಯುತ್ತಿತ್ತು. ಬಿಳಿಯವು ದಡ ಸವರುತ್ತ ಬರುತ್ತಿದ್ದವು, ಅವಳು ಕೂಗುತ್ತಿರಲಿಲ್ಲ, ಸುಮ್ಮನೆ ದಾರಿ ಬಿಡುತ್ತಿದ್ದಳು. ಊತ ಇಳಿಯಿತು. ಬೆರಳುಗಳು ಮತ್ತೆ ಒಂದನ್ನೊಂದು ಗುರುತು ಹಿಡಿದವು. ಗಾಯ ಒಣಗಿ, ಅಂಚಿನಿಂದ ಹೊಸ ಚರ್ಮ ಬಂತು.

ಆದರೆ ಕೂಳೆ ಕಾಯಲಿಲ್ಲ. ಗದ್ದೆ ಬೋಳಾಯಿತು, ಮಂದೆ ಹೊರಡುವ ದಿನ ಬಂತು. ಡಾಕ್ಟರು ಜಗಲಿಯಲ್ಲಿ ತಮ್ಮ ಸೂಕ್ಷ್ಮದರ್ಶಕವನ್ನು ಪೆಟ್ಟಿಗೆಗೆ ಇಡುತ್ತಿದ್ದರು. ದಿನಕ್ಕೆ ಸ್ವಲ್ಪ ಸ್ವಲ್ಪ ನಡೆಯಬಹುದು, ಚಪ್ಪಲಿ ಹಾಕಿಕೊಂಡು, ನಿಧಾನವಾಗಿ, ಎಂದಷ್ಟೇ ಹೇಳಿದರು. ಸಣ್ಣಬೀರಪ್ಪ ಮಂದೆಯನ್ನು ರಸ್ತೆಗೆ ತಂದು ನಿಲ್ಲಿಸಿ, ಅತ್ತಿಗೆಯ ಗಂಟನ್ನು ಬಸ್ಸಿಗೆಂದು ಬೇರೆಯಾಗಿ ಕಟ್ಟಿ, ಅಂಗಳದಲ್ಲಿ ನಿಂತ.

ಒಳಗಿನಿಂದ ನಿಂಗಮ್ಮ ಬಂದಳು. ಬಲಗಾಲಿಗೆ ಪೂರ್ತಿ ಭಾರ ಬಿಡುವ ಹಾಗಿರಲಿಲ್ಲ. ಜಗಲಿಯ ಗೋಡೆಗೆ ಅಂಗೈ ಊರಿದಳು, ಭುಜ ಸವರಿಸಿಕೊಂಡು ಒಂದು ಹೆಜ್ಜೆ ಹೊರಳಿದಳು, ನಿಂತಳು, ಅಂಗೈ ಬಿಟ್ಟು ಮುಂದೆ ಊರಿದಳು, ಮತ್ತೆ ಹೊರಳಿದಳು. ಮೈಮೇಲೆ ಶೇಷಮ್ಮ ಕೊಟ್ಟ, ಒಗೆದೊಗೆದು ಬೆಳ್ಳಗಾದ ಹಳೆ ಸೀರೆ. ಬೆಳಗಿನ ಬಿಸಿಲು ಗೋಡೆಯ ಮೇಲಿತ್ತು. ರಸ್ತೆಯ ನಡುವೆ ಕುರಿಗಳು ಒಂದನ್ನೊಂದು ನೂಕುತ್ತ ಹರಿಯಲು ಕಾದಿದ್ದವು. ಡಾಕ್ಟರು ಪೆಟ್ಟಿಗೆಯ ಮುಚ್ಚಳ ಹಿಡಿದವರು ಹಾಗೇ ನಿಂತು ಅವಳು ಬರುವುದನ್ನು ನೋಡಿದರು, ಕೊಳವೆಗೆ ಕಣ್ಣಿಟ್ಟಾಗ ನೋಡುವ ಹಾಗೆ.

ಸಣ್ಣಬೀರಪ್ಪನಿಗೆ ನಗು ಬಂತು. “ಅತ್ಗೀ, ನಿನ್ನ ನೀನೇ ನೋಡ್ಕ. ಹಿಂಗೆ ಗೋಡೆ ಹಿಡ್ಕಂಡು ಬರೋ ಕುರೀನ ನೀನಾಗಿದ್ರೆ ಮಂದ್ಯಾಗೆ ಬಿಡ್ತಿದ್ದೇನು? ನಡಿ, ಬಸ್ಸಿಗೆ ಹೊತ್ತಾತು.”

ನಿಂಗಮ್ಮ ಗೋಡೆಯ ಕೊನೆ ಮುಟ್ಟಿ ನಿಂತಳು. ಅವನ ಕೈಯಿಂದ ಕೋಲು ತೆಗೆದುಕೊಂಡಳು, ಬಸ್ಸಿಗೆಂದು ಕಟ್ಟಿದ್ದ ಗಂಟನ್ನು ಅವನ ಹೆಗಲಿಗೇ ಹಾಕಿದಳು.

“ಗೋಡೆ ಹಿಡ್ಕಂಡು ಬರೋರು ಯಾರು ಅಂತ ಡಾಕ್ಟ್ರು ಹೇಳ್ಲಿಲ್ಲೇನಪ್ಪ ನಿಂಗೆ? ಏನೂ ತಿಳೀದೆ ನಡುವ್ಯಾಗೆ ಓಡೋರ ಪೈಕಿ ನೀನು. ಓಡು ಮುಂದೆ. ನಾನು ಬೇಲಿ ನೋಡ್ಕೋಂತ ಬರ್ತೀನಿ.”